ಕಾರಿನ ಸಂಗೀತಕ್ಕೆ ದುಡ್ಡು ಎಲ್ಲಿ ಹಾಕಬೇಕು?

ಕಾರ್ ಸ್ಟೀರಿಯೊ ಡಬ್ಬದ ಮೇಲೆ ‘50 ವ್ಯಾಟ್ × 4’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾಗಲಿ, ಹುಬ್ಬಳ್ಳಿ ಮಂಗಳೂರುಗಳ ಆ್ಯಕ್ಸೆಸರಿ ಅಂಗಡಿಯಾಗಲಿ, ಗಿರಾಕಿಯ ಕಣ್ಣು ಮೊದಲು ಬೀಳುವುದು ಆ ಸಂಖ್ಯೆಯ ಮೇಲೆ. ಅದು ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ಈ ವ್ಯಾಪಾರದ ಅರ್ಧ ಗುಟ್ಟು ಹೊರಬೀಳುತ್ತದೆ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ನಾಲ್ಕರಿಂದ ಭಾಗಿಸಿ: 51.8. ಡಬ್ಬದ ಮೇಲಿನ ಐವತ್ತು ವ್ಯಾಟ್ ಇದೇ. ಆದರೆ ಇಷ್ಟು ಶಕ್ತಿ ಹೊರಬರುವುದು ಆಂಪ್ಲಿಫಯರ್ ಮಿತಿ ಮೀರಿ ಅರಚುವಾಗ, ಅಲೆಯ ತಲೆ ಬುಡ ಎರಡೂ ಕತ್ತರಿಸಿಹೋಗಿ ಚೌಕಾಕಾರಕ್ಕೆ ತಿರುಗಿದಾಗ. ಶುದ್ಧವಾದ ಅಲೆಗೆ ಅದರಲ್ಲಿ ಅರ್ಧ. ಒಳಗಿನ ಟ್ರಾನ್ಸಿಸ್ಟರುಗಳು ನುಂಗುವುದನ್ನೂ ಕಳೆದರೆ ಕೈಗೆ ಉಳಿಯುವುದು 18ರಿಂದ 22 ವ್ಯಾಟ್. ಕಂಪನಿ ಸುಳ್ಳು ಹೇಳಿಲ್ಲ, ನಿಜವನ್ನೂ ಹೇಳಿಲ್ಲ. ಇಂಥ ಆಟಕ್ಕೆ ಕಡಿವಾಣ ಹಾಕಲೆಂದೇ ಅಮೆರಿಕದ ಉದ್ಯಮ ಸಂಘ 2003ರಲ್ಲಿ ಸಿಇಎ-2006 ಎಂಬ ಅಳತೆಯ ಮಾನದಂಡ ತಂದಿತು: 14.4 ವೋಲ್ಟ್, 4 ಓಮ್, ವಿರೂಪ ಶೇ. 1ಕ್ಕಿಂತ ಹೆಚ್ಚಿರಬಾರದು. ಒಳ್ಳೆಯ ಆಂಪ್‌ಗಳ ಡಬ್ಬದಲ್ಲಿ ಆ ಗುರುತು ಸಿಗುತ್ತದೆ, ಉಳಿದವುಗಳಲ್ಲಿ ಸಾವಿರಾರು ವ್ಯಾಟ್ ಸಿಗುತ್ತದೆ.

ಕಾರ್ ಆಡಿಯೊ ಹವ್ಯಾಸದ ಮುಖ್ಯ ಪ್ರಶ್ನೆ ಒಂದೇ: ಕೈಯಲ್ಲಿರುವ ದುಡ್ಡನ್ನು ಯಾವುದರ ಮೇಲೆ ಸುರಿಯಬೇಕು? ಅಂಗಡಿಯವರು ಹೇಳುವ ಕ್ರಮ ಎಲ್ಲರಿಗೂ ಗೊತ್ತು. ಮೊದಲು ದೊಡ್ಡ ಸ್ಕ್ರೀನಿನ ಹೆಡ್ ಯೂನಿಟ್, ಆಮೇಲೆ ಡಿಕ್ಕಿಗೊಂದು ಬೇಸ್ ಟ್ಯೂಬ್, ಆಮೇಲೆ ನಾಲ್ಕು ಸ್ಪೀಕರು, ಆಮೇಲೆ ಆಂಪ್. ಬಾಗಿಲಿಗೆ ಡ್ಯಾಂಪಿಂಗ್, ಅಂದರೆ ತಗಡಿನ ನಡುಕ ತಡೆಯುವ ಶೀಟು, ಹಾಕಿಸುವ ಮಾತು ಕೊನೆಗೆ, ಅದೂ ಗಿರಾಕಿ ಕೇಳಿದರೆ. ಟ್ಯೂನಿಂಗ್ ಎಂದರೆ ಬೇಸ್, ಟ್ರೆಬಲ್ ಎರಡನ್ನೂ ಪೂರ್ತಿ ಏರಿಸಿ ಕೊಡುವುದು. ಹಲವು ವರ್ಷ ಈ ಹುಚ್ಚಿನಲ್ಲಿ ಮುಳುಗಿ ಎದ್ದವರನ್ನು ಕೇಳಿದರೆ ಇದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ನನ್ನ ಅಭಿಪ್ರಾಯವೂ ಅದೇ. ಕಾರಿನಲ್ಲಿ ಅತಿ ದೊಡ್ಡ ಆಡಿಯೊ ಭಾಗವೆಂದರೆ ಕಾರೇ. ಅದರ ತಗಡು, ಗಾಜು, ಸೀಟು, ಚಾಲಕ ಒಂದು ಮೂಲೆಗೆ ಒತ್ತಿ ಕೂರುವ ಜಾಗ, ಇವನ್ನು ಸರಿಪಡಿಸದೆ ಪೆಟ್ಟಿಗೆಗಳನ್ನು ಬದಲಿಸಿದರೆ ಬದಲಾಗುವುದು ಸದ್ದಿನ ಪ್ರಮಾಣ ಮಾತ್ರ.

ಕಾರಿನ ಈ ಹಟ ಹೊಸದಲ್ಲ. ಷಿಕಾಗೊದ ಗ್ಯಾಲ್ವಿನ್ ಸಹೋದರರು 1930ರಲ್ಲಿ ತಮ್ಮ ಕಾರ್ ರೇಡಿಯೊ ತಯಾರಿಸಿದಾಗ ಎದುರಾದ ತೊಡಕೂ ರೇಡಿಯೊದ್ದಲ್ಲ, ಕಾರಿನದ್ದು. ಇಗ್ನಿಶನ್ನಿನ ಕಿಡಿ ಪ್ರತಿ ಸಲ ಹಾರಿದಾಗಲೂ ಸ್ಪೀಕರಿನಲ್ಲಿ ಚಟಪಟ ಸದ್ದು. ಅದನ್ನು ಅಡಗಿಸಬೇಕು, ಚಾವಣಿಯೊಳಗೆ ಆಂಟೆನಾ ಹೊಲಿಯಬೇಕು, ವಾಲ್ವುಗಳಿಗೆ ಬೇರೆ ಬ್ಯಾಟರಿ ಕೂರಿಸಬೇಕು. ಪಾಲ್ ಗ್ಯಾಲ್ವಿನ್ ತಮ್ಮ ಸ್ಟುಡ್‌ಬೇಕರ್ ಕಾರಿನಲ್ಲಿ ಅದನ್ನು ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಗೆ ಓಡಿಸಿಕೊಂಡು ಹೋಗಿ, ರೇಡಿಯೊ ತಯಾರಕರ ಸಮ್ಮೇಳನದ ಹೊರಗೆ ನಿಲ್ಲಿಸಿ ಬಂದವರಿಗೆಲ್ಲ ಕೇಳಿಸಿದರು. ಅದಕ್ಕಿಟ್ಟ ಹೆಸರು ಮೋಟೊರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು. ಅಳವಡಿಕೆ ಸೇರಿ ಬೆಲೆ 110ರಿಂದ 130 ಡಾಲರ್, ಆಗಿನ ಸಾಧಾರಣ ಹೊಸ ಕಾರಿನ ಬೆಲೆಯ ಐದನೇ ಒಂದು ಪಾಲಿನ ಆಸುಪಾಸು. ಜರ್ಮನಿಯಲ್ಲಿ ಬ್ಲೌಪುಂಕ್ಟ್ 1932ರಲ್ಲಿ ಇದೇ ದಾರಿ ಹಿಡಿಯಿತು. 1956ರ ಮಾದರಿಗಳಲ್ಲಿ ಕ್ರೈಸ್ಲರ್ ಒಂದು ವಿಚಿತ್ರವನ್ನೂ ಮಾಡಿತು: ಡ್ಯಾಷ್‌ಬೋರ್ಡಿನ ಕೆಳಗೆ ಗ್ರಾಮಫೋನು! ನಿಮಿಷಕ್ಕೆ 16⅔ ಸುತ್ತು ತಿರುಗುವ ಏಳಿಂಚಿನ ತಟ್ಟೆ, ಮುಳ್ಳು ಹಾರದಿರಲೆಂದು ಭಾರದ ಕೈ. ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ಎಂಟು ಟ್ರ್ಯಾಕಿನ ಟೇಪು ಬಂತು, ಫಿಲಿಪ್ಸಿನ ಕ್ಯಾಸೆಟ್ಟು ಬಂತು, 1984ರಲ್ಲಿ ಪಯನೀರ್ ಕಾರಿಗೆ ಸಿಡಿ ತಂದಿತು.

ಹವ್ಯಾಸಿಗಳ ದೃಷ್ಟಿಯಿಂದ ನೋಡಿದರೆ ಇವೆಲ್ಲಕ್ಕಿಂತ ದೊಡ್ಡ ತಿರುವು ಅರಿಜೋನಾದ ಜಿಮ್ ಫಾಸ್ಗೇಟ್ 1973ರಲ್ಲಿ ಕಾರಿಗೆಂದೇ ಪ್ರತ್ಯೇಕ ಆಂಪ್ಲಿಫಯರ್ ತಯಾರಿಸಿದ್ದು. ರಾಕ್‌ಫರ್ಡ್ ಫಾಸ್ಗೇಟ್ ಎಂಬ ಹೆಸರು ಇವತ್ತಿಗೂ ಅಂಗಡಿಗಳಲ್ಲಿದೆ. ಆಂಪ್ ಬೇರೆಯಾದ ಮೇಲೆ ಕಾರಿನ ಆಡಿಯೊ ಕೊಳ್ಳುವ ವಸ್ತುವಾಗಿ ಉಳಿಯಲಿಲ್ಲ, ಕಟ್ಟುವ ವಸ್ತುವಾಯಿತು. ಯಾವ ಸ್ಪೀಕರಿಗೆ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಂದು ತಾನೇ ತೀರ್ಮಾನಿಸುವ ಸ್ವಾತಂತ್ರ್ಯ ಮಾಲೀಕನಿಗೆ ಸಿಕ್ಕಿತು. ಹವ್ಯಾಸ ಹುಟ್ಟಿದ್ದು ಅಲ್ಲಿ.

ನಮ್ಮಲ್ಲಿ ಇದು ತಡವಾಗಿ ಬಂತು. ಅಂಬಾಸಡರ್, ಫಿಯಟ್ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲಿಕ್ಕೇ ಲೈಸೆನ್ಸ್ ಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕ್ಯಾಸೆಟ್ ಪ್ಲೇಯರ್, ಹಿಂದಿನ ಗಾಜಿನಡಿಯ ಟ್ರೇಯಲ್ಲಿ 6×9 ಇಂಚಿನ ಮೊಟ್ಟೆಯಾಕಾರದ ಒಂದು ಜೊತೆ ಸ್ಪೀಕರು, ಇದೇ ಮಧ್ಯಮ ವರ್ಗದ ಸೆಟ್ ಆಯಿತು. ಸದ್ದು ಬೆನ್ನ ಹಿಂದಿನಿಂದ ಬರುತ್ತಿತ್ತು. ಹಾಡುಗಾರ ತನ್ನ ಹೆಗಲ ಹಿಂದೆ ನಿಂತು ಹಾಡುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾಗಿ, ಟ್ರಾಫಿಕ್ಕೂ ಬೆಳೆದು, ಜನ ಕಾರಿನಲ್ಲಿ ಕೂತು ಕೇಳುವ ಹೊತ್ತು ಹೆಚ್ಚಿತು. ಆ ದಶಕದಲ್ಲಿ ಸೋನಿ, ಪಯನೀರ್, ಕೆನ್‌ವುಡ್, ಜೆಬಿಎಲ್ ಹೆಸರುಗಳು ಮನೆಮಾತಾದವು. 180×50 ಮಿಲಿಮೀಟರಿನ ಡಿನ್ ಕಿಂಡಿ ಇದ್ದರೆ ಯಾವ ಕಂಪನಿಯ ಸೆಟ್ಟನ್ನಾದರೂ ಯಾವ ಕಾರಿಗಾದರೂ ತೂರಿಸಬಹುದಿತ್ತು. ಈ ಜರ್ಮನ್ ಅಳತೆಯೇ ಹವ್ಯಾಸಕ್ಕೆ ತೆರೆದಿದ್ದ ಬಾಗಿಲು. ಅದು ಮುಚ್ಚುತ್ತಿರುವ ಕಥೆಗೆ ಆಮೇಲೆ ಬರೋಣ.

ಮೊದಲು ನಿಜವಾದ ಬಾಗಿಲು. ಯಾವುದೇ ಸಣ್ಣ ಹ್ಯಾಚ್‌ಬ್ಯಾಕಿನ ಮುಂಬಾಗಿಲಿನ ಪ್ಯಾಡ್ ಕಳಚಿ ನೋಡಿ. ಹಿಡಿಕೆಯ ಹಿಂದೆ ಎರಡು ಸ್ಕ್ರೂ, ಸುತ್ತ ಪ್ಲಾಸ್ಟಿಕ್ ಕ್ಲಿಪ್ಪು, ಪವರ್ ವಿಂಡೋ ಸ್ವಿಚ್ಚಿನ ಕಪ್ಲರ್. ಪ್ಯಾಡ್ ಈಚೆ ಬಂದರೆ ಕಾಣುವುದು ಕಪ್ಪು ಅಂಟಿನಿಂದ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆ. ಅದನ್ನು ಬಿಡಿಸಿದರೆ ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ರಂಧ್ರಗಳು. ಗಾಜಿನ ಮೋಟರು ರಿಪೇರಿಗೆಂದು ಬಿಟ್ಟವು. ಕೆಳಮೂಲೆಯಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ, ಕಾಗದದ ಕೋನಿನ ಒಂದು ಸ್ಪೀಕರು. ಅದರ ಅಯಸ್ಕಾಂತ ಹಳೆಯ ಒಂದು ರೂಪಾಯಿ ನಾಣ್ಯಗಳ ಸಣ್ಣ ಗುಡ್ಡೆಯಷ್ಟು. ಹೊರಗಿನ ತಗಡನ್ನು ಬೆರಳಿನಿಂದ ತಟ್ಟಿ: ಟಣ್ ಎನ್ನುತ್ತದೆ. ಇಂಥ ಬಾಗಿಲಿಗೆ ಇಪ್ಪತ್ತು ಸಾವಿರದ ಸ್ಪೀಕರು ಹಾಕುವುದು ತಗಡಿನ ಡಬ್ಬದ ಮೇಲೆ ತಬಲಾ ಕೂರಿಸಿದ ಹಾಗೆ.

ಇಲ್ಲಿ ನಡೆಯುವುದು ಎರಡು ಅನ್ಯಾಯ. ಸ್ಪೀಕರಿನ ಕೋನು ಮುಂದೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಈ ಎರಡು ಅಲೆಗಳು ಒಂದಕ್ಕೊಂದು ವಿರುದ್ಧ. ರಂಧ್ರಗಳ ಮೂಲಕ ಹಿಂದಿನ ಅಲೆ ಮುಂದಕ್ಕೆ ಸೋರಿ ಬಂದರೆ ಎರಡೂ ಸೇರಿ ಸೊನ್ನೆ. ಕೆಳ ಸ್ವರಗಳಲ್ಲಿ ಈ ನಷ್ಟ ಹೆಚ್ಚು. ಮೃದಂಗದ ತೊಪ್ಪಿಯ ಗುಂಕಾರ ಕಾರಿನಲ್ಲಿ ಬರೀ ‘ಟಪ್’ ಆಗಿ ಕೇಳುವುದಕ್ಕೆ ಇದೇ ಕಾರಣ. ಎರಡನೆಯದು, ತಗಡು ತಾನೂ ಹಾಡಲು ಶುರು ಮಾಡುವುದು. ಅದಕ್ಕೆ ಮದ್ದು ಹಿಂಬದಿ ಅಂಟಿರುವ, ಮೇಲೆ ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ರಬ್ಬರಿನ ಶೀಟು. ತಗಡು ಮಣಿದಾಗ ರಬ್ಬರು ಎರಡು ಲೋಹದ ನಡುವೆ ಜಗ್ಗಿ ಕಂಪನವನ್ನು ಶಾಖವಾಗಿಸುತ್ತದೆ. ಹೊರಗಿನ ತಗಡನ್ನು ಪೂರ್ತಿ ಮುಚ್ಚುವ ಅಗತ್ಯವೇನೂ ಇಲ್ಲ. ಕಾಲು ಭಾಗ ಮುಚ್ಚಿದರೂ ಟಣ್ ಹೋಗಿ ಟಪ್ ಬರುತ್ತದೆ. ಮುಚ್ಚಲೇಬೇಕಾದ್ದು ಒಳತಗಡಿನ ರಂಧ್ರಗಳನ್ನು. ಅವಕ್ಕೆ ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತುಂಡು ಕೂರಿಸಿ, ಮೇಲೆ ಶೀಟು ಹಾಕಿ, ರೋಲರಿನಿಂದ ಒತ್ತಬೇಕು.

ನಮ್ಮ ನೆಲದ ಎರಡು ಎಚ್ಚರಿಕೆ ಇಲ್ಲಿ ಸೇರಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಕಿಂಡಿಗಳಿರುತ್ತವೆ. ಗಾಜಿನ ಸಂದಿಯಿಂದ ಒಳಗಿಳಿದ ನೀರಿಗೆ ಬೇರೆ ದಾರಿಯಿಲ್ಲ. ಉತ್ಸಾಹದಲ್ಲಿ ಅವನ್ನೂ ಮುಚ್ಚಿದ ಕಾರು ಆಗುಂಬೆಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನಿಂದ ತುಕ್ಕು ತಿನ್ನಲು ಶುರುವಾಗುತ್ತದೆ. ಇನ್ನೊಂದು, ಅಗ್ಗದ ಶೀಟುಗಳು ಬ್ಯುಟೈಲ್ ಅಲ್ಲ, ಡಾಂಬರು. ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅವು ಮೆತ್ತಗಾಗಿ ಜಾರುತ್ತವೆ, ಕಾರಿನೊಳಗೆ ರಸ್ತೆ ಹಾಕುತ್ತಿರುವ ವಾಸನೆ ಬರುತ್ತದೆ. ಎರಡು ಮಿಲಿಮೀಟರಿನ ಒಳ್ಳೆಯ ಶೀಟು ಚದರ ಮೀಟರಿಗೆ ಮೂರು ಕಿಲೊ ತೂಗುತ್ತದೆ. ನಾಲ್ಕು ಬಾಗಿಲಿಗೆ ಹತ್ತು ಕಿಲೊ ಹೆಚ್ಚಾದರೆ ಮೈಲೇಜಿನಲ್ಲಿ ಗೊತ್ತಾಗುವುದಿಲ್ಲ. ಬಾಗಿಲು ಹಾಕುವಾಗ ಮಾತ್ರ ದೊಡ್ಡ ಕಾರಿನ ಸದ್ದು ಬಂದು ಮನೆಯವರೂ ಒಪ್ಪುತ್ತಾರೆ. ಈ ಹವ್ಯಾಸದಲ್ಲಿ ಮನೆಯವರು ಒಪ್ಪುವ ಖರ್ಚು ಇದೊಂದೇ ಇರಬೇಕು.

ಸ್ಪೀಕರುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತೀಕ್ಷ್ಣ ಸ್ವರದ ಟ್ವೀಟರು ಕೆಳಸ್ವರದ ವೂಫರಿನ ಮಧ್ಯದಲ್ಲೇ ಕೂತಿದ್ದರೆ ಕೋಆಕ್ಸಿಯಲ್, ಬೇರೆಯಾಗಿದ್ದರೆ ಕಾಂಪೊನೆಂಟ್. ಮುಂದಕ್ಕೆ ಕಾಂಪೊನೆಂಟ್ ಇರಲಿ. ಕಾಲ ಬಳಿಯಿರುವ ಬಾಗಿಲಿನ ಸ್ಪೀಕರಿನಿಂದ ತೀಕ್ಷ್ಣ ಸ್ವರಗಳು ಕಿವಿಗೆ ತಲುಪುವುದಿಲ್ಲ, ಟ್ವೀಟರು ಕನ್ನಡಿಯ ಮೂಲೆಗೋ ಎ-ಪಿಲ್ಲರಿಗೋ ಏರಬೇಕು. ಹಿಂದಿನ ಸ್ಪೀಕರುಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ ಎನ್ನುವುದು ಹಳಬರ ಮಾತು. ನಾಟಕ ನೋಡುವವನು ರಂಗವನ್ನು ಎದುರಿಗಿಟ್ಟುಕೊಳ್ಳುತ್ತಾನೆ ಎನ್ನುವುದು ಅವರ ವಾದ. ಹಿಂದಿನ ಸೀಟಿನಲ್ಲಿ ಕೂರುವ ಅತ್ತೆ ಮಾವ ಇದನ್ನು ಒಪ್ಪಿದ ನಿದರ್ಶನ ನಾನು ಕಂಡಿಲ್ಲ, ಹಾಗಾಗಿ ಹಳೆಯ ಸ್ಪೀಕರನ್ನೇ ಸಣ್ಣ ದನಿಯಲ್ಲಿ ಉಳಿಸಿಕೊಳ್ಳುವುದು ಲೇಸು.

ಆಂಪ್‌ಗಳದ್ದು ಇನ್ನೂ ಸರಳ. ಈ ಆಂಪಿನದು ಬೆಚ್ಚಗಿನ ದನಿ, ಆ ಆಂಪಿನದು ಒಣ ದನಿ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಅಮೆರಿಕದ ರಿಚರ್ಡ್ ಕ್ಲಾರ್ಕ್ ಎಂಬ ಹೆಸರಾಂತ ಕಾರ್ ಆಡಿಯೊ ತಜ್ಞ ಇದಕ್ಕೆ 10,000 ಡಾಲರಿನ ಪಂಥ ಕಟ್ಟಿದ್ದರು. ಎರಡು ಆಂಪ್‌ಗಳ ಮಟ್ಟವನ್ನು ಸಮ ಮಾಡಿ, ಯಾವುದೂ ಮಿತಿ ಮೀರದಂತೆ ನೋಡಿಕೊಂಡು, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸುತ್ತಿದ್ದರು. ಬರೀ ಕಿವಿಯಿಂದ ಮತ್ತೆ ಮತ್ತೆ ತಪ್ಪಿಲ್ಲದೆ ಗುರುತಿಸಿದವರಿಗೆ ಹಣ. ಹಣ ಯಾರ ಪಾಲಿಗೂ ಬೀಳಲಿಲ್ಲ. ಆಂಪುಗಳೆಲ್ಲ ಒಂದೇ ಎಂದು ಇದರ ಅರ್ಥವಲ್ಲ. ಶಬ್ದಶುದ್ಧಿಯಲ್ಲಿ ಒಂದೇ, ಶಕ್ತಿಯಲ್ಲಿ ಬೇರೆ. ಹೆಡ್ ಯೂನಿಟ್ಟಿನ 20 ವ್ಯಾಟಿನಿಂದ ನೈಜವಾದ 80 ವ್ಯಾಟಿಗೆ ಏರಿದರೆ ಸಿಗುವುದು 6 ಡೆಸಿಬೆಲ್. ಹೆದ್ದಾರಿಯಲ್ಲಿ ಸಣ್ಣ ಕಾರಿನೊಳಗೆ 70 ಡೆಸಿಬೆಲ್ ಆಸುಪಾಸು ಗದ್ದಲವಿರುವಾಗ, ತಂಬೂರಿಯ ದನಿಯೂ ಕೇಳಬೇಕು, ತನಿಯಾವರ್ತನದ ಹೊಡೆತವೂ ಒಡೆಯಬಾರದು ಎಂದರೆ ಆ 6 ಡೆಸಿಬೆಲ್ ಬೇಕು. 80 ವ್ಯಾಟಿನಿಂದ 100ಕ್ಕೆ ಹೋಗುವುದು ಮಾತ್ರ ಬಿಲ್ಲಿನಲ್ಲಷ್ಟೇ ಕೇಳಿಸುವ ವ್ಯತ್ಯಾಸ, ಒಂದು ಡೆಸಿಬೆಲ್ಲಿಗೂ ಸ್ವಲ್ಪ ಕಡಿಮೆ.

ಬೇಸ್ ವಿಷಯಕ್ಕೆ ಬಂದರೆ ಕಾರು ಶತ್ರುವಲ್ಲ, ನೆಂಟ. 50 ಹರ್ಟ್ಜ್ ಸ್ವರದ ಅಲೆಯ ಉದ್ದ ಸುಮಾರು 7 ಮೀಟರ್. ಕಾರಿನೊಳಗೆ ಅಷ್ಟು ಜಾಗವೇ ಇಲ್ಲದ್ದರಿಂದ ಅಲ್ಲಿ ಅಲೆ ಓಡಾಡುವುದಿಲ್ಲ, ಇಡೀ ಒಳಗಿನ ಗಾಳಿ ಒಟ್ಟಾಗಿ ಒತ್ತಿ ಸಡಿಲುತ್ತದೆ. ಸಣ್ಣ ಕಾರಿನಲ್ಲಿ 60–70 ಹರ್ಟ್ಜ್ ಕೆಳಗೆ ಹೋದಷ್ಟೂ ಈ ಪುಕ್ಕಟೆ ಲಾಭ ಏರುತ್ತಾ ಹೋಗುತ್ತದೆ, ಲೆಕ್ಕದ ಪ್ರಕಾರ ಸಪ್ತಕಕ್ಕೆ 12 ಡೆಸಿಬೆಲ್‌ವರೆಗೆ. ಬಾಗಿಲು ಗಾಜುಗಳು ಅದರಲ್ಲಿ ಸ್ವಲ್ಪ ಸೋರಿಸುತ್ತವೆ. ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ಸರಿಯಾಗಿ ಅದೇ 12 ಡೆಸಿಬೆಲ್ ಇಳಿಜಾರಿನಲ್ಲಿ ಕುಸಿಯುತ್ತದೆ. ಒಂದರ ಇಳಿತ, ಇನ್ನೊಂದರ ಏರಿಕೆ ಸೇರಿ ಮನೆಯಲ್ಲಿ ಕನಸಿನಲ್ಲೂ ಸಿಗದ ಆಳ ಕಾರಿನಲ್ಲಿ ಸುಲಭಕ್ಕೆ ಸಿಗುತ್ತದೆ. ಹನ್ನೆರಡಿಂಚಿನ ವೂಫರಿಗೆ 30 ಲೀಟರಿನ ಬಿಗಿಯಾದ ಪೆಟ್ಟಿಗೆ ಸಾಕಾಗುವುದು ಇದರಿಂದಲೇ.

ಪೆಟ್ಟಿಗೆಯ ಲೆಕ್ಕ ಇವತ್ತು ಯಾರು ಬೇಕಾದರೂ ಹಾಕಬಹುದು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಸ್ಪೀಕರಿನ ನಡತೆಯನ್ನು ಕೆಲವೇ ಸಂಖ್ಯೆಗಳಿಗೆ ಇಳಿಸಿದರು. ವೂಫರಿನ ಜೊತೆ ಬರುವ ಚೀಟಿಯಲ್ಲಿ ಆ ಸಂಖ್ಯೆಗಳಿರುತ್ತವೆ. ಅವನ್ನು ಉಚಿತ ಸಾಫ್ಟ್‌ವೇರಿಗೆ ತುಂಬಿದರೆ ಎಷ್ಟು ಲೀಟರು, ಪೋರ್ಟ್ ಬೇಕಾದರೆ ಎಷ್ಟು ಉದ್ದ ಎಂದು ಹೇಳುತ್ತದೆ. ಊರಿನ ಬಡಗಿಗೆ 18 ಮಿಲಿಮೀಟರಿನ ಎಂಡಿಎಫ್ ಹಲಗೆ, ಫೆವಿಕಾಲ್, ಸಿಲಿಕೋನ್ ಕೊಟ್ಟರೆ ಮಧ್ಯಾಹ್ನದೊಳಗೆ ಪೆಟ್ಟಿಗೆ ಸಿದ್ಧ. ಆದರೂ ಅಂಗಡಿಯಲ್ಲಿ ಓಡುವುದು ಸಿದ್ಧ ಬೇಸ್ ಟ್ಯೂಬು. ಒಂದೇ ಸ್ವರವನ್ನು ಎಲ್ಲ ಹಾಡಿಗೂ ಬಡಿಯುವ ಆ ಕೊಳವೆ ಈ ಹವ್ಯಾಸಕ್ಕೆ ತಂದಷ್ಟು ಕೆಟ್ಟ ಹೆಸರನ್ನು ಬೇರೆ ಯಾವುದೂ ತಂದಿಲ್ಲ.

ಜೋರು ಸದ್ದಿನದೇ ಒಂದು ಪಂಗಡವಿದೆ, ಅದನ್ನು ಮೂಗು ಮುರಿದು ದೂಡುವುದು ಸರಿಯಲ್ಲ. ಅಮೆರಿಕದಲ್ಲಿ ವೇಯ್ನ್ ಹ್ಯಾರಿಸ್ ಕಟ್ಟಿದ ‘ಡಿಬಿ ಡ್ರ್ಯಾಗ್ ರೇಸಿಂಗ್’ ಸ್ಪರ್ಧೆಯಲ್ಲಿ ಕಾರುಗಳು ಓಡುವುದಿಲ್ಲ, ನಿಂತಲ್ಲೇ ಗುಡುಗುತ್ತವೆ. ಒಳಗಿನ ಮೈಕ್ ಒತ್ತಡ ಅಳೆಯುತ್ತದೆ, ಹೆಚ್ಚು ಡೆಸಿಬೆಲ್ ಬಂದವರು ಗೆದ್ದರು. ಗಾಜು ಸಿಡಿಯದಂತೆ ದಪ್ಪಗೊಳಿಸುವುದು, ಬಾಗಿಲುಗಳನ್ನು ಬಿಗಿಯುವುದು, ಬ್ಯಾಟರಿಗಳ ಸಾಲು ಹೇರುವುದು, ಇವೆಲ್ಲ ಗಟ್ಟಿ ಎಂಜಿನಿಯರಿಂಗ್. ಅಲ್ಲಿ ಯಾರೂ ಸಂಗೀತ ಕೇಳುವುದಿಲ್ಲ, ಕೇಳುತ್ತೇವೆಂದು ನಟಿಸುವುದೂ ಇಲ್ಲ. ನಮ್ಮ ಕಡೆಯ ಜೋರು ಪಂಥ ಕಾರಿನಲ್ಲಿಲ್ಲ, ಟ್ರ್ಯಾಕ್ಟರಿನಲ್ಲಿದೆ. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ರಸ್ತೆಯಲ್ಲಿ ನಿಂತರೆ ಡಬಲ್ ಟ್ರೇಲರ್ ಕಾಣುವ ಮೊದಲೇ ಅದರ ಡೆಕ್ಕು ಕೇಳುತ್ತದೆ. ನಿದ್ದೆ ತಡೆಯಲು ಹಾಕಿಕೊಳ್ಳುತ್ತೇವೆ ಎನ್ನುತ್ತಾರೆ ಚಾಲಕರು. ಹಿಂದಿನ ವಾಹನದ ಹಾರ್ನು ಅವರಿಗೆ ಕೇಳಿಸುವುದಿಲ್ಲ ಎನ್ನುತ್ತಾರೆ ಉಳಿದವರು. ಎರಡೂ ನಿಜ. ಕಾಯಿದೆಯೂ ಇದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಗಾಜು ಇಳಿಸಿ ಬೇಸ್ ಹೊಡೆಯುವ ಯಾವ ಕಾರೂ ಈ ಮಿತಿಯೊಳಗೆ ಬರುವುದಿಲ್ಲ.

ಇನ್ನೊಂದು ಪಂಗಡ ಶಬ್ದದ ಗುಣವನ್ನೇ ಸ್ಪರ್ಧೆಗೊಡ್ಡುತ್ತದೆ. ಅಮೆರಿಕದ ಐಯಾಸ್ಕಾ, ಯುರೋಪಿನ ಎಮ್ಮಾ ಸಂಸ್ಥೆಗಳ ತೀರ್ಪುಗಾರರು ಕಾರಿನಲ್ಲಿ ಕೂತು ತಮ್ಮದೇ ಸಿಡಿ ಹಾಕಿ ಅಂಕ ಕೊಡುತ್ತಾರೆ. ಭಾರತದಲ್ಲೂ ಎಮ್ಮಾ ಸ್ಪರ್ಧೆಗಳು ನಡೆದಿವೆ. ಕೇಳುವ ಪ್ರಶ್ನೆ ವಿಚಿತ್ರ: ಗಾಯಕಿ ಎಲ್ಲಿ ನಿಂತಿದ್ದಾಳೆ? ಡ್ಯಾಷ್‌ಬೋರ್ಡಿನ ಮೇಲೋ, ಕಾಲಿನ ಬಳಿಯೋ? ನಡುವೆಯೋ, ಬಲಬಾಗಿಲಿನೊಳಗೋ? ಡ್ರಮ್ಮಿನ ಹೊಡೆತ ಎಡದಿಂದ ಬಲಕ್ಕೆ ಒಂದೊಂದೇ ಹೆಜ್ಜೆ ಸರಿಯುವಾಗ ಪ್ರತಿ ಹೆಜ್ಜೆಯೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆಯೋ?

ಈ ಪ್ರಶ್ನೆಗೆ ಉತ್ತರ ಕಾಸಿಗೆ ಸಿಗುವುದಿಲ್ಲ, ಟೇಪಿನಿಂದ ಅಳೆಯಬೇಕು. ನಮ್ಮ ಕಾರಿನಲ್ಲಿ ಚಾಲಕ ಬಲಕ್ಕೆ. ಬಲಬಾಗಿಲಿನ ಸ್ಪೀಕರಿನಿಂದ ಕಿವಿಗೆ 80 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಎಡಬಾಗಿಲಿನಿಂದ 140. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಅಂದರೆ ಎಡಗಡೆಯದು 1.7 ಮಿಲಿಸೆಕೆಂಡ್ ತಡ. ಇದು ಅಷ್ಟಿಷ್ಟಲ್ಲ. ನಮ್ಮ ಎರಡು ಕಿವಿಗಳ ನಡುವಿನ ಅತಿ ಹೆಚ್ಚಿನ ವ್ಯತ್ಯಾಸವೇ 0.7 ಮಿಲಿಸೆಕೆಂಡಿನೊಳಗೆ. ಮೊದಲು ತಲುಪಿದ ಸದ್ದಿನ ದಿಕ್ಕನ್ನೇ ಮಿದುಳು ನಂಬುವುದರಿಂದ ಇಡೀ ಕಚೇರಿ ಬಲಬಾಗಿಲಿನೊಳಗೆ ಬಂದು ಕೂರುತ್ತದೆ. ಬ್ಯಾಲೆನ್ಸ್ ಎಡಕ್ಕೆ ತಿರುಗಿಸಿದರೆ ಇದು ಸರಿಹೋಗುವುದಿಲ್ಲ. ಬಲಗಡೆಯ ಸ್ಪೀಕರನ್ನೇ 1.7 ಮಿಲಿಸೆಕೆಂಡ್ ಕಾಯಿಸಬೇಕು. ಈ ಕೆಲಸ ಮಾಡುವ ಪೆಟ್ಟಿಗೆಯೇ ಡಿಎಸ್‌ಪಿ, ಡಿಜಿಟಲ್ ಸಿಗ್ನಲ್ ಪ್ರೊಸೆಸರ್. ಹಿಂದೆ ಸ್ಪರ್ಧಿಗಳ ಕಾರಿನಲ್ಲಿ ಮಾತ್ರ ಇರುತ್ತಿದ್ದ ಇದು ಈಗ ಆಂಪ್ ಜೊತೆ ಒಂದೇ ಪೆಟ್ಟಿಗೆಯಲ್ಲಿ, ನಮ್ಮ ಅಂಗಡಿಗಳಲ್ಲೇ ಸಿಗುತ್ತದೆ. ಮೊದಲ ಸಲ ಸರಿಯಾಗಿ ಕಾಯಿಸಿದ ಕ್ಷಣದಲ್ಲಿ ಗಾಯಕ ಬಾಗಿಲಿನಿಂದ ಎದ್ದು ಡ್ಯಾಷ್‌ಬೋರ್ಡಿನ ಮಧ್ಯಕ್ಕೆ ನಡೆದು ಬರುವುದನ್ನು ಕೇಳಿದವರು ಮತ್ತೆ ವ್ಯಾಟಿನ ಮಾತೆತ್ತುವುದಿಲ್ಲ.

ಟ್ಯೂನಿಂಗಿಗೆ ಕೂರುವ ರೀತಿಯೇ ಬೇರೆ. ಎಂಜಿನ್ ಆಫ್, ಎಸಿ ಆಫ್, ಗಾಜು ಏರಿಸಿ, ಬೆವರುತ್ತಾ ಕೂರಬೇಕು. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಉಚಿತವಾಗಿ ಸಿಗುವ ‘ರೂಮ್ ಇಕ್ಯೂ ವಿಝರ್ಡ್’. ಕೈಯಲ್ಲಿ ಯುಎಸ್‌ಬಿ ಮೈಕ್. ಜಲಪಾತದಂಥ ಪಿಂಕ್ ನಾಯ್ಸ್ ಹಾಕಿ, ತಲೆಯ ಸುತ್ತ ಮೈಕನ್ನು ನಿಧಾನಕ್ಕೆ ಆಡಿಸಿ ಸರಾಸರಿ ತೆಗೆಯಬೇಕು. ಒಂದೊಂದೇ ಸ್ಪೀಕರು. ಮೊದಲು ಯಾವುದಾದರೂ ತಂತಿ ಉಲ್ಟಾ ಆಗಿದೆಯೇ ನೋಡುವುದು. ಆಮೇಲೆ ಗಡಿ ಹಾಕುವುದು: 80 ಹರ್ಟ್ಜ್ ಕೆಳಗಿನದು ಸಬ್ಬಿಗೆ, ಮೂರು ಸಾವಿರದ ಮೇಲಿನದು ಟ್ವೀಟರಿಗೆ, ಉಳಿದದ್ದು ಬಾಗಿಲಿಗೆ. ಗಡಿಯ ಇಳಿಜಾರಿಗೆ ಬಹುತೇಕರು ಬಳಸುವುದು ಹ್ಯೂಲೆಟ್ ಪ್ಯಾಕರ್ಡಿನ ಇಬ್ಬರು ಎಂಜಿನಿಯರುಗಳು, ಲಿಂಕ್‌ವಿಟ್ಜ್ ಮತ್ತು ರೈಲಿ, 1976ರಲ್ಲಿ ಮಂಡಿಸಿದ ಫಿಲ್ಟರು. ಆಮೇಲೆ ಮಟ್ಟ, ಆಮೇಲೆ ಕಾಯಿಸುವಿಕೆ, ಕಡೆಗೆ ಈಕ್ವಲೈಸರ್. ಪರದೆಯ ಗೆರೆಯಲ್ಲಿ ಎದ್ದ ಗುಡ್ಡಗಳನ್ನು ಇಳಿಸುವುದು ಸುಲಭ. ಹಳ್ಳಗಳನ್ನು ತುಂಬಲು ಹೋಗಬಾರದು. ಗಾಜಿನಿಂದ ಮರಳಿದ ಅಲೆ ನೇರ ಅಲೆಯನ್ನು ನುಂಗಿದ ಜಾಗ ಅದು. ಅಲ್ಲಿ 6 ಡೆಸಿಬೆಲ್ ಸುರಿದರೆ ಆಂಪಿನಿಂದ ನಾಲ್ಕು ಪಟ್ಟು ಶಕ್ತಿ ಹೋಗುತ್ತದೆ, ಹಳ್ಳ ಹಾಗೇ ಇರುತ್ತದೆ. ಗೆರೆ ಪೂರ್ತಿ ಸಪಾಟಾಗಬೇಕೆಂಬ ಆಸೆಯೂ ಬೇಡ. ಟೈರಿನ ಗುಡುಗು ಕೆಳಸ್ವರಗಳನ್ನು ಮುಚ್ಚಿಹಾಕುವುದರಿಂದ ಬೇಸ್ ಉಳಿದದ್ದಕ್ಕಿಂತ ಹತ್ತು ಡೆಸಿಬೆಲ್ ಎತ್ತರದಲ್ಲಿದ್ದರೇ ಕಾರಿನಲ್ಲಿ ಸಹಜವೆನಿಸುತ್ತದೆ.

ಮೈಕಿನ ಕೆಲಸ ಮುಗಿದ ಮೇಲೆ ಕಿವಿಯ ಕೆಲಸ. ಗುರುತಿರುವ ಸಂಗೀತ ಇಟ್ಟುಕೊಳ್ಳಬೇಕು, ಅಂಗಡಿಯವರ ಡೆಮೊ ಹಾಡಲ್ಲ. ಚೆಂಡೆಯ ಪೆಟ್ಟು ಕಿವಿ ಕೊರೆದರೆ ಮೂರರಿಂದ ಐದು ಸಾವಿರ ಹರ್ಟ್ಜ್ ನಡುವೆ ಹೆಚ್ಚಾಗಿದೆ. ಡೊಳ್ಳು ದೂರದಿಂದ ಬಂದಂತಿದ್ದರೆ ಸಬ್ಬಿನ ಹೊಂದಿಕೆ ತಪ್ಪಿದೆ. ವೀಣೆಯ ಗಮಕ ಒಂದೊಂದು ಸ್ವರದಲ್ಲಿ ಒಂದೊಂದು ಕಡೆಗೆ ಜಿಗಿದರೆ ಎಡಬಲಗಳ ಗೆರೆ ಹೊಂದಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದೇ ಸೀಟಿಗೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಪಕ್ಕದಲ್ಲಿ ಕೂತವರಿಗೆ ಈ ಹೊಂದಿಕೆ ಮೊದಲಿಗಿಂತ ಕೆಟ್ಟದಾಗಿ ಕೇಳುತ್ತದೆ. ಮನೆಯವರು ಹತ್ತಿದಾಗ ಗುಂಡಿ ಒತ್ತಿದರೆ ಬದಲಾಗುವ ಎರಡನೇ ಪ್ರೀಸೆಟ್ ಉಳಿಸಿಟ್ಟುಕೊಂಡವನು ಬುದ್ಧಿವಂತ.

ಎಲ್ಲಕ್ಕಿಂತ ಕಡಿಮೆ ಮಾತಾಡುವ, ಎಲ್ಲಕ್ಕಿಂತ ಅಪಾಯದ ವಿಷಯ ತಂತಿ. ಬ್ಯಾಟರಿಯಿಂದ ಡಿಕ್ಕಿಗೆ ಹೋಗುವ ದಪ್ಪ ತಂತಿ ಎಲ್ಲಾದರೂ ತಗಡಿಗೆ ಉಜ್ಜಿ ಹೊದಿಕೆ ಸವೆಯಿತೋ, ನೂರಾರು ಆಂಪಿಯರ್ ಹರಿದು ಕಾರು ಹೊತ್ತಿಕೊಳ್ಳುತ್ತದೆ. ಅದಕ್ಕೇ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಬೇಕು. ಅದು ಇರುವುದು ಆಂಪ್ ಉಳಿಸಲಿಕ್ಕಲ್ಲ, ತಂತಿ ಉಳಿಸಲಿಕ್ಕೆ. ಅಗ್ಗದ ಕಿಟ್ಟುಗಳಲ್ಲಿ ಬರುವ ತಂತಿ ತಾಮ್ರವೇ ಅಲ್ಲ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಷ್ಟೇ ದಪ್ಪಕ್ಕೆ ಅದರ ವಾಹಕತೆ ತಾಮ್ರದ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ಚಾಕುವಿನಿಂದ ಕೆರೆದು ನೋಡಿದರೆ ಬೆಳ್ಳಗಿರುತ್ತದೆ. ಇನ್ನು ಆಂಪಿನ ಗೇನ್ ಗುಂಡಿಯನ್ನು ಧ್ವನಿಯ ಗುಂಡಿ ಎಂದು ತಿಳಿದು ಪೂರ್ತಿ ತಿರುಗಿಸಿ ಟ್ವೀಟರು ಸುಟ್ಟುಕೊಳ್ಳುವುದು ಎಲ್ಲ ಊರಲ್ಲೂ ನಡೆಯುತ್ತದೆ. ಮಲ್ಟಿಮೀಟರು ಇದ್ದರೆ ಸಾಕು: 4 ಓಮಿಗೆ 50 ವ್ಯಾಟ್ ಬೇಕಿದ್ದರೆ ಆಂಪಿನ ಹೊರತುದಿಯಲ್ಲಿ 14.1 ವೋಲ್ಟ್ ಬರುವಲ್ಲಿಗೆ ನಿಲ್ಲಿಸಬೇಕು.

ಈಗ ಮುಚ್ಚುತ್ತಿರುವ ಆ ಕಿಂಡಿಯ ವಿಷಯ. ಹೊಸ ಕಾರುಗಳಲ್ಲಿ ಡಿನ್ ಕಿಂಡಿ ಇಲ್ಲ. ಸ್ಕ್ರೀನಿನಲ್ಲೇ ಎಸಿ, ಕ್ಯಾಮೆರಾ, ಕಾರಿನ ಸೆಟಿಂಗು ಎಲ್ಲವೂ ಬೆಸೆದಿವೆ. ಅದನ್ನು ಕಿತ್ತರೆ ಅರ್ಧ ಕಾರು ಮಾತು ಬಿಡುತ್ತದೆ, ತಂತಿ ಕತ್ತರಿಸಿದರೆ ವಾರಂಟಿಗೆ ಜಗಳ. ಕಂಪನಿಗಳೂ ಸುಮ್ಮನೆ ಕೂತಿಲ್ಲ. 1980ರ ದಶಕದಲ್ಲಿ ಬೋಸ್ ಜೊತೆ ಜನರಲ್ ಮೋಟರ್ಸ್ ಶುರುಮಾಡಿದ ಪದ್ಧತಿ, ಅಂದರೆ ಆ ಕಾರಿಗೆಂದೇ ಅಳೆದು ಹೊಂದಿಸಿದ ಸೆಟ್ಟು, ಈಗ ಭಾರತದ ಮಧ್ಯಮ ಬೆಲೆಯ ಕಾರಿಗೂ ಇಳಿದಿದೆ. 2021ರ ಮಹೀಂದ್ರ ಎಕ್ಸ್‌ಯುವಿ700ರಲ್ಲಿ ಸೋನಿಯ 12 ಸ್ಪೀಕರು, ಟಾಟಾ ಕಾರುಗಳಲ್ಲಿ ಹರ್ಮನ್, ಜೆಬಿಎಲ್, ಹ್ಯುಂಡೈನಲ್ಲಿ ಬೋಸ್. ಹವ್ಯಾಸಿಗಳು ಇವನ್ನು ಹಗುರವಾಗಿ ಕಾಣುತ್ತಾರೆ. ಅದು ಅರ್ಧ ಅಸೂಯೆ. ಸಾಧಾರಣ ಸ್ಪೀಕರುಗಳಿಂದಲೇ ಇವು ಸೊಗಸಾಗಿ ನುಡಿಯುವುದು ಕಾರ್ಖಾನೆಯಲ್ಲಿ ಯಾರೋ ಮೈಕ್ ಹಿಡಿದು ಬೆವರುತ್ತಾ ಕೂತಿದ್ದರಿಂದ. ಟ್ಯೂನಿಂಗಿನ ಮಹತ್ವಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾಗಿ ಹವ್ಯಾಸ ಹೆಡ್ ಯೂನಿಟ್ ಕೈಬಿಟ್ಟು ಅದರ ಹಿಂದಕ್ಕೆ ಸರಿದಿದೆ. ಕಂಪನಿಯ ಸ್ಕ್ರೀನು ಹಾಗೇ ಇರುತ್ತದೆ. ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನು ಕಪ್ಲರ್ ಮೂಲಕ, ಒಂದು ತಂತಿಯನ್ನೂ ಕತ್ತರಿಸದೆ, ಡಿಎಸ್‌ಪಿಗೆ ತಂದು, ಕಂಪನಿ ಮಾಡಿದ ಏರಿಳಿತಗಳನ್ನು ಅಳಿಸಿ ಮತ್ತೆ ಬರೆಯುತ್ತಾರೆ. ಬ್ಲೂಟೂತಿಗಿಂತ ಕೇಬಲ್ಲಿನಲ್ಲೋ ವೈಫೈ ಮೂಲಕ ನಡೆಯುವ ಕಾರ್‌ಪ್ಲೇಯಲ್ಲೋ ಹಾಡು ಹಾಕಿದರೆ ಮೂಲವೂ ಚೆನ್ನಾಗಿರುತ್ತದೆ. ಎಂಜಿನ್ ಸದ್ದಿಲ್ಲದ ವಿದ್ಯುತ್ ಕಾರಿನಲ್ಲಿ ಟೈರಿನ ಸದ್ದು ಎದ್ದು ಕೇಳುವುದರಿಂದ ಡ್ಯಾಂಪಿಂಗಿನ ಬೆಲೆ ಇನ್ನೂ ಹೆಚ್ಚಿದೆ. ಇವತ್ತು ಯಾರಾದರೂ ನೂರು ರೂಪಾಯಿ ಇಟ್ಟುಕೊಂಡು ಕೇಳಿದರೆ ನಾನು ಹಂಚುವುದು ಹೀಗೆ: ಬಾಗಿಲು ಮತ್ತು ತಂತಿಗೆ ಇಪ್ಪತ್ತೈದು, ಮುಂದಿನ ಸ್ಪೀಕರಿಗೆ ಇಪ್ಪತ್ತೈದು, ಆಂಪ್ ಸೇರಿದ ಡಿಎಸ್‌ಪಿಗೆ ಮೂವತ್ತು, ಮೈಕು ಮತ್ತು ಸೀಟಿನಡಿಯ ಸಣ್ಣ ಸಬ್ಬಿಗೆ ಉಳಿದದ್ದು. ಡಿಕ್ಕಿ ತರಕಾರಿಗೂ ಸೂಟ್‌ಕೇಸಿಗೂ ಇರಲಿ.

ಹಾಕಿದ ದುಡ್ಡು ವಾಪಸು ಬರುತ್ತದೆಯೇ ಎಂದರೆ ಇಲ್ಲ. ಹಳೆಯ ಕಾರು ಕೊಳ್ಳುವ ಡೀಲರು ಸ್ಕ್ರೀನ್ ಆನ್ ಆಗುತ್ತದೆಯೇ ಎಂದಷ್ಟೇ ನೋಡುತ್ತಾನೆ, ಡಿಕ್ಕಿಯಲ್ಲಿ ಹೆಚ್ಚುವರಿ ತಂತಿ ಕಂಡರೆ ಐದು ಸಾವಿರ ಇಳಿಸಿಯೂ ಕೇಳುತ್ತಾನೆ. ಅನುಭವವಿದ್ದವರು ಕಂಪನಿಯ ಸ್ಪೀಕರುಗಳನ್ನು ಅಟ್ಟದ ಮೇಲೆ ಜೋಪಾನವಾಗಿಟ್ಟಿರುತ್ತಾರೆ. ಕಾರು ಮಾರುವ ಹಿಂದಿನ ಭಾನುವಾರ ಅವು ಬಾಗಿಲಿಗೆ ಮರಳುತ್ತವೆ, ಡಿಎಸ್‌ಪಿ ಆಂಪ್‌ಗಳು ಮುಂದಿನ ಕಾರಿಗೆ ಹೋಗುತ್ತವೆ. ಬ್ಯುಟೈಲ್ ಶೀಟು ಮಾತ್ರ ಕೀಳಲು ಬರುವುದಿಲ್ಲ, ಅದನ್ನು ಹೊಸ ಮಾಲೀಕನಿಗೆ ಬಿಟ್ಟುಕೊಡಬೇಕಾಗುತ್ತದೆ.